ಎರಡು ತಿಂಗಳ ಅಡ್ವಾನ್ಸ್ ಇನ್ನೂ ಕಾನೂನಾಗಿಲ್ಲ. ಬಾಡಿಗೆದಾರರ ಕೈಯಲ್ಲಿ ಈಗ ಏನಿದೆ?

ಸಂಪಾದಕರಿಗೆ,

ಮಾನ್ಯರೇ,

‘ಇನ್ನು ಮುಂದೆ ಮನೆ ಓನರ್ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ, ಕೇಂದ್ರದ ಹೊಸ ಬಾಡಿಗೆ ನಿಯಮ ಬಂದಿದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇದೆ. ಅದನ್ನು ನಂಬಿ ಬೆಂಗಳೂರಿನಲ್ಲಿ ಮನೆ ಹುಡುಕಲು ಹೊರಟವರಿಗೆ ಮೊದಲ ಟು-ಲೆಟ್ ಬೋರ್ಡಿನ ಹತ್ತಿರವೇ ಸತ್ಯ ತಿಳಿಯುತ್ತದೆ. ಆ ಸಂದೇಶದ ಮೂಲ ಮಾದರಿ ಬಾಡಿಗೆ ಕಾಯ್ದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಅದಕ್ಕೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಮಿತಿ, ಪ್ರತಿ ಕರಾರಿನ ಮಾಹಿತಿಯೂ ಬಾಡಿಗೆ ಪ್ರಾಧಿಕಾರಕ್ಕೆ ಹೋಗಬೇಕೆಂಬ ನಿಯಮ, ಮನೆಯೊಳಗೆ ಬರಲು ಮಾಲೀಕರು 24 ಗಂಟೆ ಮೊದಲೇ ತಿಳಿಸಬೇಕೆಂಬ ಷರತ್ತು, ನೀರು ಮತ್ತು ಕರೆಂಟ್ ಕಡಿತಕ್ಕೆ ತಡೆ ಎಲ್ಲವೂ ಅದರಲ್ಲಿವೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ ಮಾತ್ರ. ರಾಜ್ಯದ ಶಾಸನಸಭೆ ಅದನ್ನು ತನ್ನ ಕಾಯ್ದೆಯಾಗಿ ತರುವ ತನಕ ಇಲ್ಲಿನ ಯಾವ ಮಾಲೀಕರನ್ನೂ ಅದು ಕಟ್ಟಿಹಾಕುವುದಿಲ್ಲ. ಕರ್ನಾಟಕ ಅದನ್ನು ತಂದಿಲ್ಲ.

ಪಕ್ಕದ ತಮಿಳುನಾಡು ಮಾದರಿಗೂ ಮೊದಲೇ, 2017ರಲ್ಲಿ, ಕಾಯ್ದೆ ಮಾಡಿ ಮೂರು ತಿಂಗಳ ಮಿತಿ ಹಾಕಿತು. ಉತ್ತರ ಪ್ರದೇಶ 2021ರಲ್ಲಿ ಎರಡು ತಿಂಗಳ ಮಿತಿ ತಂದಿತು. ಮಹಾರಾಷ್ಟ್ರದ 1999ರ ಕಾಯ್ದೆಯಲ್ಲಿ ಕರಾರು ನೋಂದಣಿ ಮಾಡಿಸುವ ಹೊಣೆ ಮಾಲೀಕರದ್ದು. ನೋಂದಣಿ ಆಗಿರದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ಅದು ಸುಳ್ಳೆಂದು ಸಾಬೀತು ಮಾಡುವ ಕೆಲಸ ಮಾಲೀಕರ ತಲೆಗೆ. ಬಾಡಿಗೆ ಮನೆಗಳಿಂದಲೇ ಬೆಳೆದ ಬೆಂಗಳೂರನ್ನು ರಾಜಧಾನಿಯಾಗಿಟ್ಟುಕೊಂಡ ನಮ್ಮಲ್ಲಿ ಇಂಥದ್ದೊಂದು ಸಾಲೂ ಇಲ್ಲ.

ನಮ್ಮಲ್ಲಿ ಕಾಯ್ದೆಯೇ ಇಲ್ಲವೆಂದಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆ. ಸಕಾರಣವಿಲ್ಲದೆ ಒಕ್ಕಲೆಬ್ಬಿಸುವುದಕ್ಕೆ ಅದು ತಡೆ ಹಾಕುತ್ತದೆ, ಅಗತ್ಯ ಸೌಲಭ್ಯ ಕಡಿತಗೊಳಿಸಿದರೆ ದೂರು ಕೊಡಲು ದಾರಿ ಮಾಡಿಕೊಡುತ್ತದೆ. ಆದರೆ ತಿಂಗಳ ಬಾಡಿಗೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಇಂದು 3,500 ರೂಪಾಯಿಗೆ ಬೆಂಗಳೂರಿನಲ್ಲಿ ಒಂದು ಶೀಟ್ ಮನೆ ಸಿಕ್ಕರೆ ಪುಣ್ಯ. ಅಂದರೆ ದಶಕಗಳ ಹಿಂದೆ ಹೊಕ್ಕ ಕೆಲವು ಹಳೆಯ ಬಾಡಿಗೆದಾರರನ್ನು ಬಿಟ್ಟರೆ ಈ ಕಾಯ್ದೆಯ ನೆರಳು ಯಾರ ಮೇಲೂ ಬೀಳುತ್ತಿಲ್ಲ.

ಹಾಗಾದರೆ ಉಳಿದವರಿಗೆ ಯಾವ ಕಾನೂನು? ಬ್ರಿಟಿಷರ ಕಾಲದ ಸ್ವತ್ತು ವರ್ಗಾವಣೆ ಕಾಯ್ದೆ, 1882. ಇದರಲ್ಲಿ ಬಾಡಿಗೆದಾರನ ಪರವಾದ ಒಳ್ಳೆಯ ಮಾತುಗಳು ಸಾಕಷ್ಟಿವೆ. ಒಂದೇ ತೊಡಕು: ಮಾಲೀಕ ಮತ್ತು ಬಾಡಿಗೆದಾರರ ಹಕ್ಕು, ಹೊಣೆಗಳನ್ನು ಹೇಳುವ 108ನೇ ಕಲಮು ಶುರುವಾಗುವುದೇ ‘ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ’ ಎಂಬ ಅರ್ಥದ ಮಾತಿನಿಂದ. ಕಾನೂನು ಕೊಟ್ಟದ್ದನ್ನು ಕರಾರು ಪತ್ರದ ಒಂದು ಸಾಲು ಕಿತ್ತುಕೊಳ್ಳಬಹುದು. ಆ ಸಾಲುಗಳನ್ನು ಹೆಚ್ಚಿನವರು ಓದುವುದೇ ಇಲ್ಲ. ಬ್ರೋಕರ್ ಬಳಿಯೋ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲೋ ಇರುವ ಹಳೆಯ ಕರಾರಿನಲ್ಲಿ ಹೆಸರು, ಬಾಡಿಗೆ, ತಾರೀಖು ಬದಲಾಯಿಸಿ ಪ್ರಿಂಟ್ ತೆಗೆಯುತ್ತಾರೆ. ಯಾರೋ ಯಾವಾಗಲೋ ಯಾವುದೋ ಮಾಲೀಕರಿಗಾಗಿ ಬರೆದ ಷರತ್ತು ಊರೆಲ್ಲ ಹಬ್ಬುತ್ತದೆ.

ಸುಣ್ಣಬಣ್ಣದ ಕಡಿತವನ್ನೇ ತೆಗೆದುಕೊಳ್ಳಿ. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನಲ್ಲಿ ಶಾಸ್ತ್ರವೇ ಆಗಿಹೋಗಿದೆ. 108(ಎಂ) ಹೇಳುವುದು ಬೇರೆ: ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಾಮಾನ್ಯ ಬಳಕೆಯಿಂದ ಆದ ಸವೆತಕ್ಕೆ ಅವನು ಹೊಣೆಯಲ್ಲ. ಗೋಡೆಯ ಬಣ್ಣ ಮಾಸುವುದು ಸವೆತ. ಮಗು ಗೀಚಿದ ಕ್ರೇಯಾನ್, ಟಿ.ವಿ. ಕೂರಿಸಲು ಕೊರೆದ ತೂತು ಹಾನಿ. ಕರಾರಿನಲ್ಲಿ ಏನೂ ಬರೆದಿರದಿದ್ದರೆ ಮಾಸಿದ ಬಣ್ಣಕ್ಕೆ ಹಣ ಹಿಡಿಯಲು ಮಾಲೀಕರಿಗೆ ಈ ಕಲಮಿನಲ್ಲಿ ಆಧಾರವಿಲ್ಲ, ಊರಿನ ರೂಢಿ ಎಂದು ವಾದಿಸಬಹುದಷ್ಟೇ. ‘ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಕಡಿತ ಮಾಡಲಾಗುವುದು’ ಎಂದು ಬರೆದು ನೀವು ಸಹಿ ಹಾಕಿದ್ದರೆ ಆಮೇಲೆ 108(ಎಂ) ತೋರಿಸಿ ಪ್ರಯೋಜನವಿಲ್ಲ. ಸಹಿಗೆ ಮೊದಲೇ ಆ ಸಾಲನ್ನು ತೆಗೆಸಿ. ಮಾಲೀಕರು ಒಪ್ಪದಿದ್ದರೆ ‘ನಿಜವಾಗಿ ಪೇಂಟ್ ಮಾಡಿಸಿ ಬಿಲ್ ಕೊಟ್ಟರೆ, ಇಷ್ಟು ಮೊತ್ತ ಮೀರದಂತೆ, ಮೂರು ವರ್ಷ ವಾಸವಿದ್ದರೆ ಕಡಿತವಿಲ್ಲ’ ಎಂದು ತಿದ್ದಿಸಿ. ಈ ತಿದ್ದುಪಡಿಗೆ ಒಪ್ಪುವ ಮಾಲೀಕರು ಇದ್ದಾರೆ. ಕೇಳುವವರು ಕಡಿಮೆ.

ರಿಪೇರಿಯ ವಿಷಯ ಇನ್ನೂ ಸೂಕ್ಷ್ಮ. ಮಾಲೀಕರು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು ಎಂದು 108(ಎಫ್) ಹೇಳುತ್ತದೆ. ಇದನ್ನು ಓದಿ ಹಿಗ್ಗುವವರು ‘ಮಾಡಿಸಬೇಕಾದ’ ಎಂಬಲ್ಲಿ ಒಂದು ಕ್ಷಣ ನಿಲ್ಲಬೇಕು. ಎಲ್ಲ ರಿಪೇರಿಯೂ ಮಾಲೀಕರ ಹೊಣೆ ಎಂದು ಈ ಕಾಯ್ದೆ ಎಲ್ಲೂ ಹೇಳಿಲ್ಲ. ಹೊಣೆ ಹುಟ್ಟುವುದು ಬಹುಮಟ್ಟಿಗೆ ಕರಾರಿನಿಂದ. ಹಾಗಾಗಿ ಸೋರುವ ಮೋಲ್ಡು, ಒಳಪೈಪು, ಸಂಪು, ಓವರ್‌ಹೆಡ್ ಟ್ಯಾಂಕು, ಮೋಟಾರು, ವೈರಿಂಗು, ಒಳಚರಂಡಿ ಕಟ್ಟಿಕೊಂಡರೆ ತೆಗೆಸುವುದು ಮಾಲೀಕರದ್ದು; ಬಲ್ಬು, ನಲ್ಲಿಯ ವಾಷರ್, ಫ್ಲಶ್ಶಿನ ಸಣ್ಣಪುಟ್ಟ ಕೆಲಸ ಬಾಡಿಗೆದಾರರದ್ದು ಎಂದು ಬಿಡಿಸಿ ಬರೆಸಿ. ತಿಳಿಸಿದ ಎಷ್ಟು ದಿನದೊಳಗೆ ಸರಿಮಾಡಿಸಬೇಕು ಎಂಬುದೂ ಇರಲಿ. ಆಗ ಮಾತ್ರ 108(ಎಫ್) ಕೈಗೆ ಬರುತ್ತದೆ. ಆಗಲೂ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಮೆಸೇಜ್ ಕಳಿಸಿ, ಫೋಟೊ ಇಟ್ಟುಕೊಂಡು, ಕೆಲಸದವನಿಂದ ಬಿಲ್ ಪಡೆದೇ ಬಾಡಿಗೆಯಲ್ಲಿ ಹಿಡಿಯಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಟ್ಯಾಂಕರ್ ನೀರಿನ ದುಡ್ಡು ಯಾರು ಕೊಡಬೇಕೆಂಬ ಜಗಳ ಬೀದಿ ಬೀದಿಯಲ್ಲಿ ನಡೆಯಿತು. ಬಹುತೇಕ ಕರಾರುಗಳಲ್ಲಿ ಆ ಬಗ್ಗೆ ಒಂದಕ್ಷರವೂ ಇರಲಿಲ್ಲ. ಈಗಲಾದರೂ ಬರೆಸಿಕೊಳ್ಳಿ.

ಇನ್ನು ಅಡ್ವಾನ್ಸ್. ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳದ್ದೆಂದು 2 ಲಕ್ಷ ಕೊಟ್ಟಿರಿ ಎನ್ನಿ. ಆ ಹಣ ಶೇ 6ರ ಠೇವಣಿಯಲ್ಲಿದ್ದಿದ್ದರೆ ವರ್ಷಕ್ಕೆ 12,000 ಬಡ್ಡಿ, ಅಂದರೆ ತಿಂಗಳಿಗೆ 1,000. ಹನ್ನೊಂದು ತಿಂಗಳಿಗೇ ಖಾಲಿ ಮಾಡಿ ಪೇಂಟಿಂಗ್‌ಗೆ 20,000 ಕಳೆದುಕೊಂಡರೆ ತಿಂಗಳಿಗೆ ಇನ್ನೂ 1,800ರ ಹೊರೆ. ನಿಜವಾದ ಬಾಡಿಗೆ 20,000 ಅಲ್ಲ, 22,800ರ ಆಸುಪಾಸು. ಎರಡು ಮನೆ ಹೋಲಿಸುವಾಗ ಈ ಲೆಕ್ಕ ಹಾಕಿದರೆ ಬಾಡಿಗೆ ಸ್ವಲ್ಪ ಹೆಚ್ಚಿದ್ದು ಅಡ್ವಾನ್ಸ್ ಕಡಿಮೆ ಇರುವ ಮನೆಯೇ ಅಗ್ಗವಾಗಬಹುದು.

ಅಡ್ವಾನ್ಸನ್ನು ನಗದಾಗಿ ಕೊಡಬೇಡಿ. ಕರಾರಿನಲ್ಲಿ ಹೆಸರಿರುವ ಮಾಲೀಕರ ಖಾತೆಗೇ ಹೋಗಲಿ. ಅವರ ಮಗನ, ಮೈದುನನ, ಬ್ರೋಕರಿನ ಖಾತೆಗೆ ಬೇಡ. ಹಣ ಹೋದ ತಾರೀಖು, ವರ್ಗಾವಣೆ ಸಂಖ್ಯೆ ಕರಾರಿನಲ್ಲೇ ಬರಲಿ. ‘ಬೀಗದ ಕೈ ಒಪ್ಪಿಸುವ ದಿನವೇ ಅಡ್ವಾನ್ಸ್ ವಾಪಸ್, ತಡವಾದರೆ ವಾರ್ಷಿಕ ಇಂತಿಷ್ಟು ಶೇಕಡಾ ಬಡ್ಡಿ’ ಎಂಬ ಸಾಲು ಇರಲಿ. ‘ಮುಂದಿನ ಬಾಡಿಗೆದಾರರು ಬಂದ ಮೇಲೆ ಕೊಡಲಾಗುವುದು’ ಎಂಬ ಸಾಲು ಇದ್ದರೆ ಹೊಡೆದುಹಾಕಿಸಿ, ಏಕೆಂದರೆ ಮುಂದಿನವರು ಯಾವಾಗ ಬರುತ್ತಾರೆಂಬುದು ನಿಮ್ಮ ಕೈಯಲ್ಲಿಲ್ಲ. ಮನೆಗೆ ಹೊಕ್ಕ ದಿನ ಪ್ರತಿ ಕೋಣೆಯ ವಿಡಿಯೊ, ಮೀಟರ್ ರೀಡಿಂಗ್, ಫ್ಯಾನು, ಗೀಸರ್, ಬೀಗಗಳ ಪಟ್ಟಿ ಮಾಡಿ ಮಾಲೀಕರಿಗೆ ಕಳಿಸಿ. ಬಿಡುವ ದಿನವೂ ಅಷ್ಟೇ.

ಅಡ್ವಾನ್ಸ್ ಬರುವುದು ಅನುಮಾನ ಎನ್ನಿಸಿದಾಗ ಕೊನೆಯ ಮೂರ್ನಾಲ್ಕು ತಿಂಗಳು ಬಾಡಿಗೆ ನಿಲ್ಲಿಸುವುದು ಇಲ್ಲಿನ ಸಾಮಾನ್ಯ ಉಪಾಯ. ಮಾಲೀಕರು ಬರವಣಿಗೆಯಲ್ಲಿ ಒಪ್ಪಿದ್ದರೆ ಸರಿ. ಒಪ್ಪದಿದ್ದರೆ ನೀವೇ ಬಾಕಿದಾರ, ಕರಾರು ಮುರಿದವರೂ ನೀವೇ. ಅಡ್ವಾನ್ಸ್ ಕೊಡುವವರೆಗೆ ಮನೆ ಬಿಡುವುದಿಲ್ಲ ಎಂದು ಕೂರುವುದು ಅದಕ್ಕಿಂತಲೂ ದುಬಾರಿ. ಕೂತಷ್ಟು ದಿನದ ಬಾಡಿಗೆ ಅದೇ ಅಡ್ವಾನ್ಸಿನಲ್ಲಿ ಕರಗುತ್ತದೆ. ಬೀಗದ ಕೈ ಕೊಟ್ಟು ‘ಇಂಥ ದಿನ ಮನೆ ಖಾಲಿ ಸ್ವಾಧೀನ ಪಡೆದೆ, ಇಷ್ಟು ಅಡ್ವಾನ್ಸ್ ಬಾಕಿ ಇದೆ’ ಎಂದು ಬರೆಸಿಕೊಳ್ಳುವುದು ಮೇಲು. ಬರೆದುಕೊಡಲು ಒಪ್ಪದಿದ್ದರೆ ಅದೇ ಮಾತನ್ನು ಮೆಸೇಜಿನಲ್ಲಿ, ಸ್ಪೀಡ್ ಪೋಸ್ಟಿನಲ್ಲಿ ಅಂದೇ ಕಳಿಸಿ.

ಹನ್ನೊಂದು ತಿಂಗಳ ಕರಾರು ಯಾಕೆಂದು ಕೇಳುವವರಿದ್ದಾರೆ. ನೋಂದಣಿ ಕಾಯ್ದೆ, 1908ರ 17ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯ. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು. ಅದರಲ್ಲಿ ತಪ್ಪಿಲ್ಲ. ತಪ್ಪಾಗುವುದು ಎರಡು ಕಡೆ. ನೋಟರಿಯ ಮುದ್ರೆ ಬಿದ್ದರೆ ನೋಂದಣಿ ಆದಂತೆ ಎಂದು ತಿಳಿಯುವುದು ಒಂದು. ಎರಡಕ್ಕೂ ಸಂಬಂಧವೇ ಇಲ್ಲ. ಮೂರು ವರ್ಷದ ಕರಾರಿಗೆ ನೋಟರಿ ಹಾಕಿಸಿದರೆ ಆ ಮೂರು ವರ್ಷ ನಿಮಗೆ ದಕ್ಕುವುದಿಲ್ಲ, ತಿಂಗಳಿಂದ ತಿಂಗಳಿಗೆ ಇರುವ ಬಾಡಿಗೆದಾರರಾಗಿಯಷ್ಟೇ ಉಳಿಯುತ್ತೀರಿ. ಇನ್ನೊಂದು ಮುದ್ರಾಂಕ ಶುಲ್ಕದ್ದು. ಶುಲ್ಕವನ್ನು ಬಾಡಿಗೆಯ ಮೇಲಷ್ಟೇ ಅಲ್ಲ, ಅಡ್ವಾನ್ಸಿನ ಮೊತ್ತವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಕಡಿಮೆ ಬೆಲೆಯ ಇ-ಸ್ಟಾಂಪ್ ಮೇಲೆ ಬರೆದ ಕರಾರನ್ನು ನಾಳೆ ಅಡ್ವಾನ್ಸ್ ವಸೂಲಿಗೆ ಕೋರ್ಟಿಗೆ ಹಾಕಿದರೆ, ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಮಿನಂತೆ ಕೊರತೆ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟುವವರೆಗೆ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹನ್ನೊಂದು ತಿಂಗಳ ಕರಾರಿಗೆ ಇದು ಸಣ್ಣ ಮೊತ್ತ. ಲಕ್ಷಗಟ್ಟಲೆಯ ಲೀಸಿಗೆ ಹಾಗಲ್ಲ.

ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತಿದ್ದರೆ ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಅದನ್ನು ಮುಗಿಸಲು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ 15 ದಿನದ ಲಿಖಿತ ನೋಟಿಸ್ ಸಾಕು. ಕರಾರಿನಲ್ಲಿ ಎರಡು ತಿಂಗಳು ಎಂದಿದ್ದರೆ ಎರಡು ತಿಂಗಳು. 15 ದಿನ ಎಷ್ಟು ಕಡಿಮೆ ಎಂಬುದು ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಗೊತ್ತು. ಇದನ್ನೂ ಮೊದಲೇ ಬರೆಸಿ. ನೋಟಿಸ್ ಅವಧಿ ಇಬ್ಬರಿಗೂ ಒಂದೇ ಇರಲಿ. ಬಾಡಿಗೆದಾರ ಆರು ತಿಂಗಳು ಬಿಡುವಂತಿಲ್ಲ, ಮಾಲೀಕ ಯಾವಾಗ ಬೇಕಾದರೂ ಬಿಡಿಸಬಹುದು ಎಂಬ ಕರಾರುಗಳು ಕಡಿಮೆಯೇನಿಲ್ಲ.

ನೋಟಿಸ್ ಮುಗಿದರೂ, ಬಾಡಿಗೆ ಬಾಕಿ ಇದ್ದರೂ, ಬಾಡಿಗೆದಾರನನ್ನು ಹೊರಹಾಕುವ ಅಧಿಕಾರ ಕೋರ್ಟಿಗೆ ಮಾತ್ರ. ಬೀಗ ಒಡೆಯುವುದು, ಮೇಲೊಂದು ಬೀಗ ಜಡಿಯುವುದು, ಸಾಮಾನು ಬೀದಿಗೆ ಇಡುವುದು, ಫ್ಯೂಸ್ ಕಿತ್ತುಕೊಂಡು ಹೋಗುವುದು ಯಾವುದಕ್ಕೂ ಮಾಲೀಕರಿಗೆ ಹಕ್ಕಿಲ್ಲ. ‘ಎರಡು ತಿಂಗಳು ಬಾಡಿಗೆ ಕಟ್ಟದಿದ್ದರೆ ಬೀಗ ಒಡೆದು ಸ್ವಾಧೀನ ಪಡೆಯಬಹುದು’ ಎಂದು ಕರಾರಿನಲ್ಲಿ ಬರೆದಿದ್ದರೂ ಅದನ್ನು ನೆಚ್ಚಿಕೊಂಡು ಮಾಲೀಕರೇ ಕಾನೂನನ್ನು ಕೈಗೆತ್ತಿಕೊಳ್ಳುವಂತಿಲ್ಲ. ಹೀಗಾದರೆ ಮೊದಲು 112ಕ್ಕೆ ಕರೆ. ‘ಇದು ಸಿವಿಲ್ ವ್ಯಾಜ್ಯ’ ಎಂದು ಠಾಣೆಯಲ್ಲಿ ಕೈತೊಳೆದುಕೊಳ್ಳುವುದು ಉಂಟು. ಅಕ್ರಮವಾಗಿ ತಡೆಯುವುದು ಭಾರತೀಯ ನ್ಯಾಯ ಸಂಹಿತೆಯ 126, ಅತಿಕ್ರಮ ಪ್ರವೇಶ 329, ಬೆದರಿಕೆ 351ನೇ ಕಲಮಿಗೆ ಬರುತ್ತವೆ. ಕಲಮು ನಮೂದಿಸಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಕೇಳಿ. ಹೊರಗೆ ಹಾಕಿಯೇ ಬಿಟ್ಟಿದ್ದರೆ ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಮಿನ ದಾವೆ ಇದೆ. ಆರು ತಿಂಗಳೊಳಗೆ ಹಾಕಬೇಕು. ಮನೆ ಯಾರದ್ದೆಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ; ನೀವು ಸ್ವಾಧೀನದಲ್ಲಿದ್ದಿರಿ, ಕಾನೂನಿನ ದಾರಿ ಬಿಟ್ಟು ನಿಮ್ಮನ್ನು ಹೊರಗಟ್ಟಿದರು ಎಂದು ತೋರಿಸಿದರೆ ಸಾಕು. ಆ ತೀರ್ಪಿನ ಮೇಲೆ ಅಪೀಲು ಇಲ್ಲ. ಗ್ಯಾಸ್ ಬುಕಿಂಗ್, ಆಧಾರ್ ವಿಳಾಸ, ಬಾಡಿಗೆ ವರ್ಗಾವಣೆಯ ದಾಖಲೆ ಸ್ವಾಧೀನಕ್ಕೆ ಸಾಕ್ಷಿಯಾಗುತ್ತವೆ. ಇನ್ನೂ ಹೊರಹಾಕಿಲ್ಲ, ಬೆದರಿಕೆ ಮಾತ್ರ ಇದೆ ಎಂದಾದರೆ ತಡೆಯಾಜ್ಞೆ ಕೇಳಬಹುದು.

ಮನೆ ಮಾರಿದರೆ ಬಾಡಿಗೆ ಮುರಿಯುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ ಕೊಂಡವರು ಹಳೆಯ ಮಾಲೀಕರ ಜಾಗಕ್ಕೆ ಬರುತ್ತಾರೆ. ತಕರಾರು ಏಳುವುದು ಅಡ್ವಾನ್ಸಿನ ಮೇಲೆ: ಹಳಬರು ‘ಹೊಸಬರಿಗೆ ಕೊಟ್ಟಿದ್ದೇನೆ’ ಎನ್ನುತ್ತಾರೆ, ಹೊಸಬರು ‘ನನಗೆ ಬಂದಿಲ್ಲ’ ಎನ್ನುತ್ತಾರೆ. ಹೊಸಬರಿಗೆ ಮೊದಲ ಬಾಡಿಗೆ ಕೊಡುವ ಮುನ್ನ ಅಡ್ವಾನ್ಸ್ ಹೊಣೆ ಯಾರದ್ದೆಂದು ಇಬ್ಬರ ಸಹಿಯಿರುವ ಒಂದು ಚೀಟಿ ಪಡೆಯಿರಿ.

ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ತಿಂಗಳಿಗೆ 200 ಯೂನಿಟ್ ಒಳಗಿನ ಬಳಕೆಗೆ ಸಿಗುವ ಈ ಸೌಲಭ್ಯ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆಗೆ ವಾಸವಿರುವವರ ಆಧಾರ್ ಜೋಡಿಸಿ ಪಡೆಯುವಂಥದ್ದು. ಹಿಂದಿನ ಬಾಡಿಗೆದಾರರ ಜೋಡಣೆ ಹಾಗೇ ಉಳಿದಿದ್ದರೆ ನಿಮ್ಮದು ಸೇರುವುದಿಲ್ಲ. ಬಿಡಿಸುವ ವ್ಯವಸ್ಥೆ ಸೇವಾಸಿಂಧುವಿನಲ್ಲಿದೆ, ಮನೆ ಬಿಡುವಾಗ ನೀವೂ ಬಿಡಿಸಿಯೇ ಹೋಗಿ. ಒಂದೇ ಆರ್‌ಆರ್ ಮೀಟರಿನಿಂದ ಸಬ್‌ಮೀಟರ್ ಹಾಕಿ ಮೂರು ಮನೆಗೆ ಕರೆಂಟ್ ಕೊಟ್ಟಿರುವ ಕಟ್ಟಡದಲ್ಲಿ ಪ್ರತಿ ಮನೆಗೂ ಬೇರೆಯಾಗಿ ಈ ಲಾಭ ಸಿಗದು. ಅಂಥ ಕಡೆ ಯೂನಿಟ್ಟಿಗೆ ಎಷ್ಟು ಎಂಬುದನ್ನು ಮೊದಲೇ ಕೇಳಿ ಬರೆಸಿಕೊಳ್ಳಬೇಕು.

ಬಾಡಿಗೆ ತಿಂಗಳಿಗೆ 50,000 ರೂಪಾಯಿ ಮೀರಿದರೆ ಬಾಡಿಗೆದಾರನೇ ಶೇ 2 ತೆರಿಗೆ ಹಿಡಿದು ಕಟ್ಟಬೇಕು. ಮಾಲೀಕರು ಅನಿವಾಸಿ ಭಾರತೀಯರಾಗಿದ್ದರೆ ಆ ಮಿತಿಯೂ ಇಲ್ಲ, ದರವೂ ಬಹಳ ಹೆಚ್ಚು. ಅಮೆರಿಕದಲ್ಲಿರುವ ಮಗನ ಹೆಸರಿನ ಫ್ಲ್ಯಾಟನ್ನು ಇಲ್ಲಿ ತಂದೆ ಬಾಡಿಗೆಗೆ ಕೊಟ್ಟಾಗ ಇದು ಯಾರಿಗೂ ನೆನಪಿರುವುದಿಲ್ಲ. ಇಲಾಖೆಯ ನೋಟಿಸ್ ಬರುವುದು ಬಾಡಿಗೆದಾರನಿಗೆ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಅಪಾಯದ್ದು ಲೀಸ್, ಅಂದರೆ ಭೋಗ್ಯ. ಹತ್ತು, ಹದಿನೈದು, ಇಪ್ಪತ್ತು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ಹಣ ಪಡೆಯುವ ಪದ್ಧತಿ. ಊರಿನ ಜಮೀನು ಮಾರಿದ ಹಣ, ನಿವೃತ್ತಿಯ ಗಂಟು, ಮಗಳ ಮದುವೆಗಿಟ್ಟದ್ದು ಇಲ್ಲಿಗೆ ಬರುತ್ತದೆ. ಇಷ್ಟು ಹಣಕ್ಕೆ ಹಲವರ ಕೈಯಲ್ಲಿರುವ ಭದ್ರತೆ ನೋಂದಣಿಯಾಗದ ಒಂದು ಇ-ಸ್ಟಾಂಪ್ ಕಾಗದ.

ಮಾಲೀಕರು ಇಷ್ಟು ಹಣ ಒಟ್ಟಿಗೆ ಕೇಳುವುದೇಕೆ ಎಂದು ಮೊದಲು ಯೋಚಿಸಬೇಕು. ಎಷ್ಟೋ ಕಟ್ಟಡಗಳು ಬ್ಯಾಂಕ್ ಸಾಲದಲ್ಲಿ ಎದ್ದವು. ಲೀಸಿನ ಹಣ ಆ ಸಾಲದ ಕಂತಿಗೋ ಇನ್ನೊಂದು ಕಟ್ಟಡಕ್ಕೋ ಹೋಗುತ್ತದೆ. ಕಂತು ತಪ್ಪಿದಾಗ ಬ್ಯಾಂಕ್, ಅಡವಿಟ್ಟ ಆಸ್ತಿಯನ್ನು ಕೋರ್ಟಿನಲ್ಲಿ ದಾವೆ ಹೂಡದೆಯೇ ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ ನೋಟಿಸ್ ಅಂಟಿಸುತ್ತದೆ. ಲೀಸಿನವರಿಗೆ ಸಾಲದ ಸುದ್ದಿ ತಿಳಿಯುವುದು ಎಷ್ಟೋ ಸಲ ಬಾಗಿಲ ಮೇಲಿನ ಆ ಕಾಗದದಿಂದ. ಅಡಮಾನಕ್ಕೆ ಮೊದಲೇ ಆದ ಕ್ರಮಬದ್ಧ ಗುತ್ತಿಗೆಗೆ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಆದರೆ ನೋಂದಣಿಯಿಲ್ಲದ ಅಥವಾ ಬಾಯಿಮಾತಿನ ಕರಾರು ನೆಚ್ಚಿಕೊಂಡವರಿಗೆ ಒಂದು ವರ್ಷದಾಚೆ ಸ್ವಾಧೀನದ ಹಕ್ಕಿಲ್ಲ ಎಂದು 2019ರಲ್ಲಿ ಸ್ಪಷ್ಟಪಡಿಸಿತು. ಅಡಮಾನದ ನಂತರ ಕೊಟ್ಟ ಲೀಸಿನ ಸ್ಥಿತಿ ಇನ್ನೂ ಕಷ್ಟ. ಅಡಮಾನ ಇಟ್ಟವರು ಎಂಥ ಗುತ್ತಿಗೆ ಕೊಡಬಹುದು ಎಂಬುದನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಕಲಮು ಹೇಳುತ್ತದೆ: ಕಟ್ಟಡಕ್ಕೆ ಮೂರು ವರ್ಷ ಮೀರಬಾರದು, ನ್ಯಾಯವಾಗಿ ಸಿಗುವ ಉತ್ತಮ ಬಾಡಿಗೆ ಇರಬೇಕು, ಮುಂಗಡ ಬಾಡಿಗೆ ಪಡೆಯಬಾರದು. ಇಡೀ ಹಣ ಮೊದಲೇ ಪಡೆದು ಬಾಡಿಗೆಯನ್ನೇ ಕೇಳದ ಭೋಗ್ಯ ಈ ಚೌಕಟ್ಟಿನಲ್ಲಿ ಕೂರುವುದು ಹೇಗೆ? ಬ್ಯಾಂಕಿನವರು ಹಿಡಿಯುವುದು ಇದೇ ಎಳೆಯನ್ನು. ನೋಟಿಸ್ ಬಂದಾಗ ಲೀಸಿನವರೂ ಸರ್ಫೇಸಿಯ 17ನೇ ಕಲಮಿನಡಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಬ್ಯಾಂಕ್ ಕ್ರಮ ಕೈಗೊಂಡ 45 ದಿನದೊಳಗೆ ಹೋಗಬೇಕು. ಮಾಲೀಕರು ‘ನಾನು ಸರಿಮಾಡುತ್ತೇನೆ’ ಎಂದು ಹೇಳುತ್ತಲೇ ಆ ದಿನಗಳನ್ನು ಕಳೆಸುತ್ತಾರೆ.

ಹಣ ಕೊಡುವ ಮುನ್ನ ಮಾಡಬೇಕಾದ್ದು ಇದು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ, ಎಲ್ಲರೂ ಇ.ಸಿ. ಎನ್ನುವುದು, ತೆಗೆಸಿ. ಮಾಲೀಕರು ಸ್ವತ್ತು ಪಡೆದ ದಿನದಿಂದ ಇಂದಿನವರೆಗಿನದು ಬೇಕು; ಮಾಲೀಕರೇ ಕೊಟ್ಟ ಹಳೆಯ ಜೆರಾಕ್ಸ್ ಸಾಲದು. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಆದರೆ ಇ.ಸಿ. ಸ್ವಚ್ಛವಿದ್ದ ಮಾತ್ರಕ್ಕೆ ಸಾಲವಿಲ್ಲ ಎಂದಲ್ಲ. ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ನೋಂದಣಿಯಾಗಿರದಿದ್ದರೆ ಇ.ಸಿ.ಯಲ್ಲಿ ಕಾಣಿಸುವುದಿಲ್ಲ. ಹಾಗಾಗಿ ಕ್ರಯಪತ್ರದ ಮೂಲಪ್ರತಿಯನ್ನೇ ಕಣ್ಣಾರೆ ನೋಡಿ; ‘ಲಾಕರಿನಲ್ಲಿದೆ, ಆಮೇಲೆ ತೋರಿಸುತ್ತೇನೆ’ ಎಂದರೆ ಹಣವೂ ಆಮೇಲೆಯೇ ಹೋಗಲಿ. ಬ್ಯಾಂಕ್ ಸಾಲಗಳ ಕೇಂದ್ರ ದಾಖಲೆಯಾದ ಸೆರ್ಸಾಯ್ ಜಾಲತಾಣದಲ್ಲಿ ಸಾರ್ವಜನಿಕರೂ ಸಣ್ಣ ಶುಲ್ಕಕ್ಕೆ ಹುಡುಕಬಹುದು. ಸಾಲವಿದ್ದೂ ಮನೆ ಬೇಕೇ ಬೇಕೆಂದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆಯಿರಿ. ಮನೆಯ ಖಾತೆಯಲ್ಲಿ (ಪಾಲಿಕೆಯ ಆಸ್ತಿ ದಾಖಲೆಯಲ್ಲಿ) ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಎಲ್ಲರೂ ಸಹಿ ಹಾಕಬೇಕು. ಲೀಸನ್ನು ನೋಂದಣಿ ಮಾಡಿಸಿ, ಖರ್ಚಾಗುತ್ತದೆ, ನಿಜ. ಆದರೆ ನೋಂದಣಿಯಾದ ಲೀಸ್ ನಿಮ್ಮ ಹೆಸರಲ್ಲಿ ಇ.ಸಿ.ಯಲ್ಲಿ ಕಾಣುತ್ತದೆ, ಆಮೇಲೆ ಸಾಲ ಕೊಡುವ ಬ್ಯಾಂಕಿಗೂ ಕೊಳ್ಳುವವರಿಗೂ ಗೊತ್ತಿರಲಿಲ್ಲ ಎನ್ನಲು ಬರುವುದಿಲ್ಲ. ನೋಂದಣಿಯ ದಿನ ಬೆಳಿಗ್ಗೆ ಇ.ಸಿ.ಯನ್ನು ಮತ್ತೊಮ್ಮೆ ನೋಡಿ.

ಇದರಲ್ಲಿ ಹೊಸ ಬಗೆಯ ಮೋಸವೂ ಸೇರಿದೆ. ಮಧ್ಯದ ಸಂಸ್ಥೆಯೊಂದು ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ಅದನ್ನೇ ನಿಮಗೆ ಲಕ್ಷಗಟ್ಟಲೆಗೆ ಲೀಸ್ ಕೊಡುತ್ತದೆ. ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ, ಸಂಸ್ಥೆಯ ಕಚೇರಿಗೆ ಬೀಗ ಬೀಳುತ್ತದೆ. ಮಾಲೀಕರು ಬಂದು ‘ನಿಮ್ಮ ಹಣ ನನಗೆ ಬಂದಿಲ್ಲ, ಮನೆ ಬಿಡಿ’ ಎಂದರೆ ಅವರದ್ದೂ ಸುಳ್ಳಲ್ಲ. ಮಾಲೀಕರ ಸಹಿಯೂ ಮಾಲೀಕರ ಖಾತೆಗೆ ಹಣವೂ ಇಲ್ಲದ ಯಾವ ಲೀಸಿಗೂ ಕೈಹಾಕಬಾರದು. ಸಾಲ ಮುಚ್ಚಿಟ್ಟು ಲೀಸ್ ಕೊಟ್ಟಿದ್ದರೆ, ಒಂದೇ ಮನೆಯನ್ನು ಇಬ್ಬರಿಗೆ ಕೊಟ್ಟಿದ್ದರೆ ಅದು ಬರೀ ಸಿವಿಲ್ ವಿಷಯವಲ್ಲ, ವಂಚನೆ. ನ್ಯಾಯ ಸಂಹಿತೆಯ 318ನೇ ಕಲಮಿನಡಿ ದೂರು ಕೊಡಿ.

ಅಡ್ವಾನ್ಸ್ ಬಾರದಿದ್ದಾಗ ಮೊದಲ ಹೆಜ್ಜೆ ಲಿಖಿತ ನೋಟಿಸ್: ಮೊತ್ತ, ಮನೆ ಒಪ್ಪಿಸಿದ ದಿನ, ಹಣ ಹೋದ ದಾಖಲೆ, 15 ದಿನದ ಗಡುವು. ದಾವೆಗೆ ಮೂರು ವರ್ಷದ ಕಾಲಮಿತಿ ಇದೆ; ‘ಮುಂದಿನ ತಿಂಗಳು’ ಎಂದು ಕೇಳುತ್ತಾ ಅದನ್ನು ದಾಟಿಸಿಕೊಂಡವರಿದ್ದಾರೆ. ವಕೀಲರ ಫೀಸಿಗೆ ಹೆದರಿ ಕೈಬಿಡುವ ಮುನ್ನ ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವೆಗಳ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಕರಾರಿನಲ್ಲಿ ಮನೆಯಾಕೆಯ ಹೆಸರೂ ಇರುವುದು ಈ ಕಾರಣಕ್ಕೂ ಒಳ್ಳೆಯದು. ದಾವೆಗೆ ಮೊದಲೇ ಪ್ರಕರಣವನ್ನು ಲೋಕ ಅದಾಲತ್‌ಗೆ ಒಯ್ಯಬಹುದು, ಕೋರ್ಟ್ ಶುಲ್ಕವಿಲ್ಲ. ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ. ಮಾಲೀಕರು ಬರಲೇಬೇಕೆಂಬ ಒತ್ತಾಯ ಅಲ್ಲಿಲ್ಲ ಎಂಬುದೂ ತಿಳಿದಿರಲಿ.

ಸರ್ಕಾರ ಮಾದರಿ ಕಾಯ್ದೆಯನ್ನು ಇದ್ದಂತೆ ತರಬೇಕೆಂದು ನಾನು ಹೇಳಲಾರೆ. ಅವಧಿ ಮೀರಿ ಉಳಿದವರಿಗೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಹಾಕುವ ಅದರ ನಿಯಮ ಮಕ್ಕಳ ಪರೀಕ್ಷೆಗೋ ಕಾಯಿಲೆಗೋ ಒಂದು ತಿಂಗಳು ಹೆಚ್ಚು ಇದ್ದವರನ್ನೂ ನುಂಗುತ್ತದೆ. ಒಂಟಿ ಮನೆಯ ಬಾಡಿಗೆಯನ್ನೇ ನಂಬಿದ ವೃದ್ಧ ಮಾಲೀಕರಿಗೂ, ಬಾಡಿಗೆ ಕಟ್ಟದೆ ವರ್ಷಗಟ್ಟಲೆ ಕೂತವರನ್ನು ಬಿಡಿಸಲು ಬೇಗ ತೀರ್ಮಾನಿಸುವ ಪ್ರಾಧಿಕಾರ ಬೇಕು, ಅದು ನ್ಯಾಯ. ಪೂರ್ಣ ಕಾಯ್ದೆ ಬರುವುದು ತಡವಾಗುವುದಾದರೆ ಈಗಿರುವ 1999ರ ಕಾಯ್ದೆಗೇ ಚಿಕ್ಕ ತಿದ್ದುಪಡಿ ತರಲಿ. 3,500 ಮತ್ತು 2,000 ರೂಪಾಯಿಯ ಮಿತಿ ಅಡ್ವಾನ್ಸ್, ರಸೀದಿ, ನೀರು ಮತ್ತು ಕರೆಂಟಿನ ವಿಷಯಕ್ಕೆ ಅನ್ವಯಿಸದಂತೆ ಮಾಡಲಿ. ಅಡ್ವಾನ್ಸಿಗೆ ಮೂರು ತಿಂಗಳ ಮಿತಿ, ತಡವಾದರೆ ಬಡ್ಡಿ, ವಸೂಲಿಗೆ ತಹಶೀಲ್ದಾರ್ ಮಟ್ಟದಲ್ಲೇ ಆದೇಶ ಬರಲಿ. ಹಣ ಒಟ್ಟಿಗೆ ಪಡೆಯುವ ಲೀಸಿಗೆ ಮುದ್ರಾಂಕ ಶುಲ್ಕ ಇಳಿಸಿ, ನೋಂದಣಿ ಮಾಡಿಸುವ ಹೊಣೆಯನ್ನು ಮಹಾರಾಷ್ಟ್ರದಂತೆ ಮಾಲೀಕರ ಮೇಲೆ ಹಾಕಲಿ. ನೋಂದಣಿ ಅಗ್ಗವಾದರೆ ಜನ ತಾವಾಗಿಯೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬರುತ್ತಾರೆ. ಮುಂದಿನ ಅಧಿವೇಶನದಲ್ಲಿ ಬೆಂಗಳೂರಿನ ಶಾಸಕರಾದರೂ ಈ ಪ್ರಶ್ನೆ ಎತ್ತಲಿ; ಅವರ ಕ್ಷೇತ್ರಗಳ ಮತದಾರರಲ್ಲಿ ಬಾಡಿಗೆ ಮನೆಯವರು ಎಷ್ಟೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಕೀಲ, ಬೆಂಗಳೂರು